ವಿಂಚಿಗೆ ಕಟ್ಟಿದ ಕಾಯಿ

ಹೆದರುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಮೇಲಧಿಕಾರಿಗೆ. ನನಗೆ ಅಂಥ ಭೇದಭಾವವಿಲ್ಲ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡಿ, ಆ ಮೂರು ಸಲ ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ನಾಲ್ಕನೆಯ ಸಲ ನೋಡುತ್ತೇನೆ. ಬಸ್ಸಿನಲ್ಲಿ ಚಾಲಕನ ಕಣ್ಣು ಕನ್ನಡಿಯಲ್ಲಿ ಕಾಣುವಂಥ ಸೀಟೇ ಬೇಕು. ಆತ ಎರಡು ಸಲ ಆಕಳಿಸಿದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತೇನೆ. ನಾನು ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಯುದ್ಧದ ಅಧ್ಯಾಯಗಳನ್ನು ಸರ್ ಬೇಗ ಮುಗಿಸಿಬಿಡುತ್ತಾರೆ ಎಂದು ಹುಡುಗರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಇಂಥವನು ಪ್ರತಿ ಮಳೆಗಾಲದ ಒಂದು ಭಾನುವಾರ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಜೀಪನ್ನು ಹಗ್ಗದಿಂದ ಗುಡ್ಡ ಹತ್ತಿಸುವ ಸ್ಪರ್ಧೆಯಲ್ಲಿ ಭಾಗವಹಿಸುತ್ತಾನೆಂದರೆ ನೀವು ನಂಬಲಿಕ್ಕಿಲ್ಲ. ನನಗೂ ಅದು ಪೂರ್ತಿ ನಂಬಿಕೆಯಾಗುವುದು ಕೆಸರಿನಲ್ಲಿ ಒಂದು ಬೂಟು ಸಿಕ್ಕಿಕೊಂಡು ಬರಿ ಕಾಲು ಮಾತ್ರ ಮೇಲೆ ಬಂದಾಗ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಸುಮಂಗಲಾ. ಅವಳ ತವರು ಹಿರೇಕೆರೂರು. ಮಾವನವರದು ರೈತರಿಂದ ಬೀಜ ಬೆಳೆಸಿ ಕಂಪನಿಗಳಿಗೆ ಕಳಿಸುವ ವ್ಯವಹಾರ. ಮಳೆಯಲ್ಲೂ ಹೊಲದ ಬದುವಿನವರೆಗೆ ಹೋಗಿಬರಲು ಒಂದು ಜೀಪು ಇಟ್ಟಿದ್ದರು. ಓರಗೆಯ ಹುಡುಗಿಯರು ಕಸೂತಿ ಕಲಿಯುವ ವಯಸ್ಸಿನಲ್ಲಿ ಇವಳು ಎರೆಮಣ್ಣಿನಲ್ಲಿ ಹೂತ ಗಾಲಿಯನ್ನು ಎಬ್ಬಿಸುವುದು ಕಲಿತಳು. ನಾನು ಕನ್ಯೆ ನೋಡಲು ಹೋದ ದಿನ ಮಾವನವರು ಎಲ್ಲೋ ಹೊಲದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ಬಸ್ ನಿಲ್ದಾಣದಿಂದ ನಮ್ಮನ್ನು ಕರೆದೊಯ್ಯಲು ಜೀಪು ತಂದವಳು ಇವಳು. ನಾನು ನೋಡಬೇಕಾದ ಕನ್ಯೆ ಇವಳೇ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡು ದಾರಿಯುದ್ದಕ್ಕೂ "ಸಾವಕಾಶ ಹೊಡೀರಿ, ಸಾವಕಾಶ" ಎನ್ನುತ್ತ ಹೋದೆ. ಮನೆ ಮುಟ್ಟಿದ ಮೇಲೆ ಉಪ್ಪಿಟ್ಟಿನ ತಾಟು ಹಿಡಿದು ಅವಳೇ ಒಳಗಿನಿಂದ ಬಂದಾಗಲೂ ನನ್ನ ಕೈ ನಡುಗುತ್ತಿತ್ತು. ಹುಡುಗ ನಾಚಿಕೆ ಸ್ವಭಾವದವನು ಎಂದು ಅತ್ತೆಯವರು ಮೆಚ್ಚಿಕೊಂಡರು. ಅವಳಿಗೆ ಮಾತ್ರ ನಿಜ ಗೊತ್ತಿತ್ತು, ಆದರೂ ಒಪ್ಪಿದಳು. ಮಾವನವರು ತೀರಿಕೊಂಡ ಮೇಲೆ ಆ ಜೀಪು ನಮ್ಮ ಮನೆಯ ಮುಂದೆ ಬಂದು ನಿಂತಿತು.

ಸ್ಪರ್ಧೆಯ ವಿಷಯ ಸ್ವಲ್ಪ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಜೀಪಿನ ಮೂತಿಯ ಮೇಲೆ ಕಬ್ಬಿಣದ ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ, ಅದನ್ನು ತಿರುಗಿಸುವ ಒಂದು ಮೋಟಾರು. ಇದಕ್ಕೆ ವಿಂಚ್ ಎನ್ನುತ್ತಾರೆ. ಗಾಡಿ ಹೂತಾಗ ಹಗ್ಗ ಬಿಚ್ಚಿ ಮುಂದಿರುವ ಮರಕ್ಕೆ ಕಟ್ಟಿ ಮೋಟಾರು ಚಾಲೂ ಮಾಡಿದರೆ, ಹಗ್ಗ ಸುತ್ತಿಕೊಳ್ಳುತ್ತ ಗಾಡಿ ತನ್ನನ್ನು ತಾನೇ ಜಗ್ಗಿಕೊಂಡು ಮೇಲೆ ಬರುತ್ತದೆ. ಹುಬ್ಬಳ್ಳಿ ಕಡೆಯ ಕೆಲವು ಉತ್ಸಾಹಿಗಳು ಸೇರಿ ಹಾನಗಲ್ ತಾಲೂಕಿನಲ್ಲಿ, ಎತ್ತು ಕೂಡ ಯೋಚನೆ ಮಾಡಿ ಕಾಲಿಡುವಂಥ ಒಂದು ಗುಡ್ಡದೋರೆ ಹುಡುಕಿದ್ದಾರೆ. ಅಲ್ಲಿ ಜೋಡಿ ಜೋಡಿಯಾಗಿ ಕಂಬ ನೆಟ್ಟು, "ಇವುಗಳ ನಡುವೆ ಹಾಯ್ದು ಮೇಲಕ್ಕೆ ಹೋಗಿ" ಎನ್ನುತ್ತಾರೆ. ಹದಿನೈದು ನಿಮಿಷ ಕಾಲಾವಕಾಶ. ಒಬ್ಬರು ಗಾಡಿಯೊಳಗೆ, ಒಬ್ಬರು ಹೊರಗೆ. ಹೊರಗಿನವನ ಕೆಲಸ ಹಗ್ಗ ಹಿಡಿದು ಕೆಸರಿನಲ್ಲಿ ಓಡುವುದು, ಮರ ಆರಿಸುವುದು, ಮರದ ತೊಗಟೆ ಸುಲಿಯದಂತೆ ಅಗಲ ಪಟ್ಟಿ ಸುತ್ತುವುದು, ಅದಕ್ಕೆ ಕೊಂಡಿ ಹಾಕುವುದು. ಸುಮಂಗಲಾ ಒಳಗಿರುತ್ತಾಳೆ. ಹೊರಗಿರುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕೆಸರಿಗೆ ನಾನು ಅಷ್ಟು ಹೆದರುವುದಿಲ್ಲ. ನನಗೆ ಭಯವಿರುವುದು ಬಿಗಿದ ಹಗ್ಗದ್ದು. ಜೀಪಿನ ಭಾರವೆಲ್ಲ ಅದರ ಮೇಲೆ ಬಿದ್ದಾಗ ಅದು ಸಣ್ಣಗೆ ಗುಂಯ್ ಎನ್ನುತ್ತದೆ. ಹರಿದರೆ ಎತ್ತ ಬಡಿಯುತ್ತದೆಂದು ಹೇಳಲಾಗದು; ಅದಕ್ಕೇ ಬಿಗಿದ ಹಗ್ಗವನ್ನು ಯಾರೂ ದಾಟಬಾರದು, ಹಗ್ಗ ಹರಿದರೂ ಹಾರದಂತೆ ನಡುವೆ ದಪ್ಪ ಬಟ್ಟೆ ಹಾಕಬೇಕು ಎಂಬ ನಿಯಮಗಳಿವೆ. ಬೇರೆಯವರು ಅದಕ್ಕೆಂದೇ ಮಾಡಿದ ಬಣ್ಣದ ಚೀಲ ತರುತ್ತಾರೆ. ನಾನು ನಮ್ಮವ್ವ ಹೊಲಿದ ಹಳೆಯ ಕೌದಿಯನ್ನು ನೀರಿನಲ್ಲಿ ಅದ್ದಿ ಹಾಕುತ್ತೇನೆ. ಹಗ್ಗ ಹರಿದ ವಿಡಿಯೋಗಳನ್ನು ಮೊಬೈಲಿನಲ್ಲಿ ಹುಡುಕಿ ಹುಡುಕಿ ನೋಡಿದ್ದೇನೆ. ಇಂಥವನ್ನೇ ನೋಡುವವನೆಂದು ಆ ಮೊಬೈಲಿಗೂ ಗೊತ್ತಾಗಿ, ಈಗ ಕೇಳದಿದ್ದರೂ ತಾನೇ ತೋರಿಸುತ್ತದೆ.

ಹೋದ ವರ್ಷ ಇದೇ ಭಯದಿಂದ ಎಡವಟ್ಟಾಯಿತು. ಜೀಪು ಮುಕ್ಕಾಲು ಏರು ಹತ್ತಿತ್ತು. ಹಗ್ಗ ಗುಂಯ್ ಎಂದದ್ದೇ ತಡ, ನಾನು "ನಿಲ್ಲಸ, ನಿಲ್ಲಸ" ಎಂದು ಒದರಿ ಕಲ್ಲಿನ ಹಿಂದೆ ಕುಳಿತುಬಿಟ್ಟೆ. ಅವಳು ನಿಲ್ಲಿಸಿದಳು. ನಾನು ಕಲ್ಲಿನ ಹಿಂದಿನಿಂದ ಏಳುವಷ್ಟರಲ್ಲಿ ಸಮಯ ಮುಗಿದಿತ್ತು. ಅವಳು ಜೀಪನ್ನು ಮನೆಗೆ ತಂದು ನಿಲ್ಲಿಸಿದಳು. ಸ್ನಾನ ಮಾಡಿ, ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ ಹೇಳಿದಳು: "ನೀವು ಅಂಜೂದು ನನಗ ಗೊತ್ತೈತ್ರಿ. ಅಂಜ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಪ್ಪನ ಗಾಡಿ ಒಮ್ಮೆರ ಆ ಏರು ಹತ್ತಿದ್ದು ನಾ ನೋಡಬೇಕು. ಮುಂದಿನ ಸಲ ನಡುವ ಕೈ ಬಿಟ್ರ ಬ್ಯಾರೆ ಯಾರನ್ನರ ಕರಕೊಂಡು ಹೋಗ್ತೇನಿ."

ಆ ಬೇರೆಯವರು ಯಾರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಬಿರಾದಾರ ಸರ್. ಅವರ ತೋಳು ನನ್ನ ತೊಡೆಯಷ್ಟು ದಪ್ಪ. ಪ್ರತಿ ವರ್ಷ ಸ್ಪರ್ಧೆ ನೋಡಲು ಬಂದು ದಂಡೆಯ ಮೇಲೆ ನಿಂತು ಸಲಹೆ ಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡಾಗೆಲ್ಲ "ನಿಮಗ ತ್ರಾಸಾದ್ರ ಹೇಳ್ರಿ ಸರ, ಮೇಡಂ ಕೂಡ ನಾ ಬರ್ತೇನಿ" ಎನ್ನುತ್ತಾರೆ. ಪಾಪ, ಒಳ್ಳೆಯ ಮನುಷ್ಯ. ಆದರೆ ನನ್ನ ಮನಸ್ಸಿನ ಅವಸ್ಥೆ ನೋಡಿ: ಹಗ್ಗ ಹಿಡಿಯಲು ಭಯ, ಆ ಹಗ್ಗವನ್ನು ಬಿರಾದಾರ ಸರ್ ಹಿಡಿದುಬಿಟ್ಟಾರು ಎಂದು ಇನ್ನೂ ದೊಡ್ಡ ಭಯ. ಸುಮಂಗಲಾ ಇಡೀ ವರ್ಷ ತನ್ನ ಬೀಜದ ಅಂಗಡಿ, ಮನೆ, ಅತ್ತೆ, ಗಂಡ ಎಂದು ದುಡಿಯುವವಳು, ಯಾವುದನ್ನೂ ತನಗಾಗಿ ಕೇಳಿದವಳಲ್ಲ. ಕೇಳಿದ್ದು ಈ ಒಂದನ್ನು. ಅಲ್ಲಿ ಅವಳ ಜೊತೆಗೆ ನಾನಿಲ್ಲ ಎಂದರೆ ಉಳಿದ ದಿನಗಳಲ್ಲಿ ಇದ್ದು ಏನು ಪ್ರಯೋಜನ ಎಂದು ನನಗೆ ನಿಜವಾಗಿ ಅನ್ನಿಸುತ್ತಿತ್ತು.

ಈ ವರ್ಷ ಸ್ಪರ್ಧೆಗೆ ವಾರವಿರುವಾಗ ಜೀಪನ್ನು ಸವಣೂರಿಗೆ, ರೆಹಮಾನಸಾಬರ ಗ್ಯಾರೇಜಿಗೆ ಒಯ್ದೆವು. ಮಾವನವರ ಕಾಲದಿಂದಲೂ ಆ ಜೀಪಿನ ನಾಡಿ ಹಿಡಿದು ಬಲ್ಲವರು ಅವರೊಬ್ಬರೇ. ರೇಡಿಯೇಟರ್ ಸಣ್ಣಗೆ ಸೋರುತ್ತಿತ್ತು. ಅದನ್ನು ಬಿಚ್ಚಿ, ಬೆಸುಗೆ ಹಾಕಿ, ನೀರು ತುಂಬಿ, ಕೆಳಗೆ ಕಾಗದ ಹಾಸಿ, ಒಂದು ಹನಿಯೂ ಬೀಳದ್ದನ್ನು ನಮಗೆ ತೋರಿಸಿದರು. ಅಲ್ಲಿ ಕಾಯುತ್ತ ಕೂತ ಎರಡು ತಾಸಿನಲ್ಲಿ ನಾನು ಮನೆಗೆಂದು ಕೊಂಡಿದ್ದ ಸವಣೂರು ಖಾರಾ ಕುರುಕಲಿನ ದೊಡ್ಡ ಪೊಟ್ಟಣವನ್ನು ಒಬ್ಬನೇ ಮುಗಿಸಿದೆ. ಹೊಟ್ಟೆ ಉರಿಯತೊಡಗಿದಾಗ ಆ ಉರಿ ಖಾರಾದ್ದೋ ಹಗ್ಗದ್ದೋ ತಿಳಿಯಲಿಲ್ಲ. ಸುಮಂಗಲಾ ಆಚೆ ಹೋದಾಗ ರೆಹಮಾನಸಾಬರನ್ನು ಮೆಲ್ಲಗೆ ಕೇಳಿದೆ, "ಹುಲಗೂರು ದರ್ಗಾದ ದಾರ ಒಂದು ಸಿಗಬಹುದೇನ್ರಿ?" ಅವರು ನನ್ನ ಮುಖ ನೋಡಿ, ಏನೂ ಕೇಳದೆ, ಎರಡು ದಿನ ಬಿಟ್ಟು ತರಿಸಿಕೊಟ್ಟರು. ಅದನ್ನು ಅಂಗಿಯ ತೋಳಿನೊಳಗೆ ಕಟ್ಟಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ದಾರ ನನ್ನ ಮೈಗಾಯಿತು, ಗಾಡಿಗೆ? ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಬರಲಿ, ಬೋರಿನ ಮೋಟಾರು ಬರಲಿ, ಕಾಯಿ ಕಟ್ಟದೆ ಚಾಲೂ ಮಾಡುವವರಿಲ್ಲ. ಆದರೆ ಸುಮಂಗಲಾ ವಿಂಚಿನ ಹತ್ತಿರ ನಿಂಬೆಹಣ್ಣನ್ನು ಕೂಡ ತರಗೊಡುವುದಿಲ್ಲ. ಇನ್ನು ನಾನು, ಪ್ರತಿ ವರ್ಷ ಕಾಲೇಜಿನಲ್ಲಿ ವೈಜ್ಞಾನಿಕ ಮನೋಭಾವದ ಕುರಿತು ಒಂದು ಗಂಟೆ ಭಾಷಣ ಮಾಡುವವನು. ಆದರೂ ಸ್ಪರ್ಧೆಯ ದಿನ ಬೆಳಿಗ್ಗೆ ಹಾಲು ತರುವ ನೆವದಲ್ಲಿ ಹನುಮಪ್ಪನ ಗುಡಿಗೆ ಹೋಗಿ ಕಾಯಿಗೆ ಪೂಜೆ ಮಾಡಿಸಿದೆ. ಕೆಂಪು ಬಟ್ಟೆಯಲ್ಲಿ ಸುತ್ತಿದೆ. ಮುಂದೆ ಕಟ್ಟಿದರೆ ಅವಳ ಕಣ್ಣಿಗೆ ಬೀಳುತ್ತದೆ. ನನ್ನ ಭಯವಿರುವುದು ವಿಂಚಿನಲ್ಲಿ, ಆದ್ದರಿಂದ ರಕ್ಷಣೆಯೂ ಅಲ್ಲೇ ಇರಬೇಕು ಎಂದು ತರ್ಕಮಾಡಿ, ಉರುಳೆಯ ಹಿಂದೆ ಬಲಮೂಲೆಯಲ್ಲಿ ಒಂದು ಸರಳಿಗೆ ಗಟ್ಟಿಯಾಗಿ ಕಟ್ಟಿದೆ. ಗಂಟು ಬಿಚ್ಚದಂತೆ ಮೂರು ಸಲ ಜಗ್ಗಿಯೂ ನೋಡಿದೆ.

ಹಾನಗಲ್ ದಾಟಿ ಆ ಗುಡ್ಡ ಮುಟ್ಟಿದಾಗ ಜಿಟಿಜಿಟಿ ಮಳೆ. ನಮಗಿಂತ ಮೊದಲಿನ ಗಾಡಿಯವನು ಹತ್ತಿರದಲ್ಲಿ ಕಂಡ ಒಂದು ನೀಲಗಿರಿಗೆ ಪಟ್ಟಿ ಸುತ್ತಿ, ಬಿಗಿದ ಹಗ್ಗವನ್ನು ಎರಡು ಸಲ ಜಿಗಿದು ದಾಟಿ, ಜನರಿಗೆ ಕೈಬೀಸಿದ. ಮರುಕ್ಷಣ ನೀಲಗಿರಿ ಬೇರುಸಮೇತ ಬಾಗಿತು, ಗಾಡಿ ಸರ್ರನೆ ಹಿಂದಕ್ಕೆ ಜಾರಿ ಅಡ್ಡನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವರೆಲ್ಲ ನಗುತ್ತಿದ್ದರು. ನನ್ನ ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ನಮ್ಮ ಸರದಿ ಬಂತು. ಸೀಟಿ ಊದಿದರು. ಮೊದಲಿನ ಎರಡು ಜೋಡಿ ಕಂಬಗಳನ್ನು ಸುಮಂಗಲಾ ವಿಂಚಿನ ಹಂಗಿಲ್ಲದೆ ದಾಟಿದಳು. ಮೂರನೆಯದು ಹೋದ ವರ್ಷದ ಆ ಏರಿನ ನೆತ್ತಿಯಲ್ಲಿತ್ತು. ಗಾಡಿ ಬುಡದಲ್ಲೇ ಹೂತಿತು. ಅವಳು ಉರುಳೆಯ ಹಿಡಿತ ಸಡಿಲಿಸಿದಳು, ನಾನು ಹಗ್ಗ ಹಿಡಿದು ಓಡಿದೆ. ನೇರ ಮುಂದೆ, ಹತ್ತು ಹೆಜ್ಜೆಗೆ, ಇನ್ನೊಂದು ನೀಲಗಿರಿ. ಬಲಕ್ಕೆ ಓರೆಯಾಗಿ, ಮೂವತ್ತು ಹೆಜ್ಜೆ ಮೇಲೆ, ಒಂದು ಹಳೆಯ ಹುಣಸೆ. ನಾನು ಹುಣಸೆಯ ಕಡೆ ತಿರುಗಿದೆ. ದಂಡೆಯ ಮೇಲಿನಿಂದ ಬಿರಾದಾರ ಸರ್ ಕೂಗಿದರು: "ಸರ, ಸನೇದ ಗಿಡಾ ಬಿಟ್ಟು ಅಲ್ಲಿಗ್ಯಾಕ ಹೊಂಟೀರಿ? ಟೈಮ್ ಹೊಂಟೈತ್ರಿ!" ಟೈಮು ಹೋಗುವುದು ನನಗೂ ಗೊತ್ತಿತ್ತು. ಎರಡು ಸಲ ಬಿದ್ದೆ, ಎರಡು ಸಲ ಎದ್ದೆ. ಹುಣಸೆಗೆ ಪಟ್ಟಿ ಸುತ್ತಿ, ಕೊಂಡಿ ಹಾಕಿ, ಜಗ್ಗಿ ನೋಡಿ, ಬಿಚ್ಚಿ, ಮತ್ತೆ ಹಾಕಿ, ಕೌದಿ ಹೊದಿಸಿ, ಹಗ್ಗದ ಹತ್ತಿರ ಬಂದಿದ್ದ ನಾಲ್ಕು ಜನರನ್ನು ಬೈದು ಹಿಂದೆ ಸರಿಸಿ, ದೂರ ನಿಂತು "ಎಳಿ" ಎಂದು ಕೈ ತಿರುಗಿಸಿದೆ. ಹಗ್ಗ ಬಿಗಿಯಿತು. ಗುಂಯ್ ಎಂದಿತು. ಈ ಸಲ ನಾನು ಕೂಗಲಿಲ್ಲ; ತುಟಿ ಕಚ್ಚಿಕೊಂಡು ನಿಂತೆ. ಜೀಪು ಮೂತಿ ಎತ್ತಿ ಮೇಲೆ ಬರತೊಡಗಿತು.

ಓರೆಯಾಗಿ ಎಳೆದ ಹಗ್ಗ ಉರುಳೆಯ ತುಂಬ ಸಮನಾಗಿ ಸುತ್ತಿಕೊಳ್ಳುವುದಿಲ್ಲ, ಎಳೆದ ಬದಿಗೇ ಗುಡ್ಡೆಯಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಬದಿಯಲ್ಲಿ ನಾನೇ ಒಂದು ಕಾಯಿ ಇಟ್ಟಿದ್ದೇನೆಂಬುದು ಭಯದಲ್ಲಿ ಮರೆತಿತ್ತು. ಏರಿನ ಅರ್ಧಕ್ಕೆ ಬಂದಾಗ ಬಲಮೂಲೆಯಲ್ಲಿ ಗುಡ್ಡೆಯಾದ ಹಗ್ಗ ಕೆಂಪು ಬಟ್ಟೆಯನ್ನು ಕಚ್ಚಿತು. ಮೋಟಾರು ನರಳಿತು. ಟಪ್ ಎಂದು ಸದ್ದಾಯಿತು. ವಿಂಚು ನಿಂತಿತು. ಜೀಪಿನ ಮೂತಿಯಿಂದ ನೀರು ತೊಟ್ಟಿಕ್ಕಿತು.

ನಿಯಮ ನೋಡಿಕೊಳ್ಳುವ ಮಾರ್ಷಲ್ ಓಡಿಬಂದ. "ಮೇಡಂ, ರೇಡಿಯೇಟರ್ ಒಡದೈತ್ರಿ. ಸೋರೂ ಗಾಡಿ ಮುಂದ ಒಯ್ಯಂಗಿಲ್ಲ. ಬಂದ್ ಮಾಡ್ರಿ, ಮುಗೀತು."

ಸುಮಂಗಲಾ ಬ್ರೇಕಿನ ಮೇಲೆ ಕಾಲಿಟ್ಟು ಹಾಗೆಯೇ ಕುಳಿತಿದ್ದಳು. ಅವಳ ಮುಖ ಹಾಗೆ ಬಾಡಿದ್ದನ್ನು ನಾನು ಮಾವನವರು ಹೋದ ದಿನ ನೋಡಿದ್ದೆ. ಅಷ್ಟರಲ್ಲಿ ನೋಡಲು ಬಂದಿದ್ದ ರೆಹಮಾನಸಾಬರು ಜಾರುತ್ತ ಎದ್ದುಬಿದ್ದು ಇಳಿದುಬಂದರು. "ಹೆಂಗ ಒಡೀತೈತ್ರಿ? ನಾ ನನ್ನ ಕೈಲೆ ಬೆಸಗಿ ಹಾಕೇನಲ್ಲರಿ," ಎಂದು ಒಮ್ಮೆ ಮಾರ್ಷಲ್‌ನನ್ನು, ಒಮ್ಮೆ ಜೀಪನ್ನು ನೋಡಿದರು. ಆಮೇಲೆ ದನಿ ಇಳಿಯಿತು. "ಮೇಡಂ, ವಯಸ್ಸಾತ್ರಿ. ಕಣ್ಣು ಸರಿ ಕಾಣವಲ್ವು. ನನ್ನಿಂದನ ತಪ್ಪಾಗಿರಬೇಕು."

ನಾನು ಆಗ ಸುಮ್ಮನಿದ್ದೆ. ಸುಳ್ಳು ಹೇಳುವುದಿಲ್ಲ, ಒಂದು ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಗಾಡಿ ಕೆಟ್ಟಿತು, ಸ್ಪರ್ಧೆ ಮುಗಿಯಿತು, ಹಗ್ಗ ಸಡಿಲಾಯಿತು, ಎಲ್ಲರೂ ಜೀವಸಹಿತ ಮನೆಗೆ. ನಾನು ಕೈಬಿಟ್ಟೆನೆಂದು ಯಾರೂ ಅನ್ನುವ ಹಾಗಿಲ್ಲ. ಬಿರಾದಾರ ಸರ್ ಬರುವ ಹಾಗೂ ಇಲ್ಲ. ಆದರೆ ರೆಹಮಾನಸಾಬರು ತಮ್ಮ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಅದು ರೇಡಿಯೇಟರ್ ನೀರಲ್ರಿ," ಎಂದೆ.

"ಮತ್ತ?" ಎಂದ ಮಾರ್ಷಲ್.

"ಕಾಯಿ ನೀರು."

"ಯಾವ ಕಾಯಿ?"

"ತೆಂಗಿನಕಾಯಿ."

ಆತ ತಲೆಯೆತ್ತಿ ಮೇಲಿನಿಂದೇನಾದರೂ ಬಿತ್ತೇ ಎಂದು ಹುಣಸೆಮರದ ಕಡೆ ನೋಡಿದ. ಸುಮಂಗಲಾ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. "ರೀ, ವಿಂಚಿಗೆ ಕಾಯಿ ಕಟ್ಟೀರೇನು?"

"ಒಂದ," ಎಂದೆ.

"ಒಂದ! ಎರಡ ಕಟ್ಟಾವರಿದ್ರೇನು?"

ದಂಡೆಯ ಮೇಲಿದ್ದ ನನ್ನದೇ ತರಗತಿಯ ಯಾರೋ "ಸರ, ವೈಜ್ಞಾನಿಕ ಮನೋಭಾವ!" ಎಂದು ಕೂಗಿದರು. ಇಡೀ ಗುಡ್ಡ ನಕ್ಕಿತು. ರೆಹಮಾನಸಾಬರು ಬೆರಳಿಗೆ ನೀರು ಹಚ್ಚಿಕೊಂಡು ಮೂಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟರು. ಮಾರ್ಷಲ್ ಗಡಿಯಾರ ನೋಡಿದ. ಆರು ನಿಮಿಷ ಉಳಿದಿತ್ತು.

ಆ ಆರು ನಿಮಿಷದಲ್ಲಿ ನಾನು ಮಾಡಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಾಲ್ಕೂ ಗಾಲಿಗಳ ಹಿಂದೆ ಕಲ್ಲು ಒಡ್ಡಿದೆ. ಅವಳು ಬ್ರೇಕು ಒತ್ತಿಹಿಡಿದು ಹಗ್ಗವನ್ನು ಗೇಣಿನಷ್ಟು ಬಿಟ್ಟಳು. ಏರಿನಲ್ಲಿ ತೂಗುತ್ತಿದ್ದ ಜೀಪಿನ ಮೂತಿಯ ಮುಂದೆ ಮಂಡಿಯೂರಿ, ಕೈಗವಸು ಕಳಚಿ, ಬೆರಳು ಹಾಕಿ ಕರಟದ ಚೂರುಗಳನ್ನೂ ಬಟ್ಟೆಯ ಎಳೆಗಳನ್ನೂ ಒಂದೊಂದಾಗಿ ಕಿತ್ತೆ. ನಾನು ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಹಾಕಿದ ಗಂಟು ಈಗ ಹಲ್ಲಿಗೂ ಬಗ್ಗಲಿಲ್ಲ. ರೆಹಮಾನಸಾಬರು ಚಾಕು ಕೊಟ್ಟರು. ಅಷ್ಟೂ ಹೊತ್ತು ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಮತ್ತೆ ಹುಣಸೆಯ ಬಳಿ ಓಡಿ ಪಟ್ಟಿ ನೋಡಿದೆ. ಹಾಕಿದಲ್ಲೇ ಇತ್ತು, ಬೆರಳಗಲವೂ ಸರಿದಿರಲಿಲ್ಲ. "ಎಳಿ" ಎಂದೆ.

ಜೀಪಿನ ಮುಂದಿನ ಗಾಲಿಗಳು ಕಂಬ ದಾಟಿದವು. ಸಮಯ ಮುಗಿದ ಸೀಟಿ ಊದಿದರು. ಹಿಂದಿನ ಗಾಲಿಗಳು ಇನ್ನೂ ಹೊರಗಿದ್ದವು. ನಾಲ್ಕೂ ದಾಟದಿದ್ದರೆ ಅಂಕವಿಲ್ಲ. ಆದರೆ ಸುಮಂಗಲಾ ಸೀಟಿ ಕೇಳಿಸದವಳ ಹಾಗೆ ಎಳೆದುಕೊಂಡು ನೆತ್ತಿಗೆ ಬಂದು, ಕೈಬ್ರೇಕು ಹಾಕಿ, ಇಳಿದು, ಕೆಳಗಿನ ದಾರಿಯನ್ನು ಒಂದು ಕ್ಷಣ ನೋಡಿದಳು. ಬಾನೆಟ್ಟಿನ ಮೇಲೆ ಎರಡು ಸಲ ಕೈ ತಟ್ಟಿದಳು. ಫಲಿತಾಂಶದ ಪಟ್ಟಿಯಲ್ಲಿ ನಮಗೆ ಕೊನೆಯ ಸ್ಥಾನ.

ಬಿರಾದಾರ ಸರ್ ಏರು ಹತ್ತಿ ಬಂದರು. ನನ್ನ ಬೆನ್ನು ತಟ್ಟಿ, ಅವಳ ಕಡೆ ತಿರುಗಿ ಕೇಳಿಯೇಬಿಟ್ಟರು: "ಮೇಡಂ, ಸಿಟ್ಟಿಗೇಳಬ್ಯಾಡ್ರಿ. ಮುಂದಿನ ವರ್ಷ ಹಗ್ಗ ನನ್ನ ಕೈಯಾಗ ಕೊಡ್ರಿ. ಸರಗ ಎದಿ ಭಾಳ ಸಣ್ಣದೈತ್ರಿ. ನನಗ ಯಾವ ಅಂಜಿಕಿನೂ ಇಲ್ಲ."

ನಾನು ಬೇರೆ ಕಡೆ ನೋಡಿದೆ. ನಿಜ ಹೇಳಬೇಕೆಂದರೆ, ಉಸಿರು ಹಿಡಿದುಕೊಂಡು ನೋಡಿದೆ. ಸುಮಂಗಲಾ ಹುಣಸೆಯ ಬುಡದಲ್ಲಿ ಪಟ್ಟಿ ಬಿಚ್ಚುತ್ತಿದ್ದವಳು ತಲೆಯೆತ್ತಿದಳು. "ಅದಕ್ಕ ಬ್ಯಾಡ್ರಿ ಸರ. ಇವತ್ತ ಅಷ್ಟೊತ್ತು ನಾ ಈ ಗಿಡದ ಮ್ಯಾಲ ಜೋತಬಿದ್ದಿದ್ದೆ. ಸನೇದ ಗಿಡಕ್ಕ ಕಟ್ಟಿದ್ರ ಏನಾಗಿರ್ತಿತ್ತು ನೋಡೀರಿ. ಅಂಜದಾವ್ರು ಹಗ್ಗಾ ಕಟ್ಟಿದ್ರ ನಾ ಗಾಡ್ಯಾಗ ಕುಂದ್ರಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕಾಯಿ ಗೀಯಿ ಮನ್ಯಾಗ ಇಟ್ಟು ಬರ್ರಿ. ನೀವು ಅಂಜಿಕೋತ ಬರ್ರಿ, ಸಾಕು," ಎಂದಳು.

ನನ್ನ ಜೀವನದಲ್ಲಿ ನನ್ನ ಹೆದರಿಕೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಒಂದು ವಾರ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಹೊಸ ಚಿಂತೆ ಶುರುವಾಯಿತು. ಮೊನ್ನೆ ಬಂಕಾಪುರದಿಂದ ಬರುವಾಗ ನಮ್ಮ ಆಟೋ ಎರಡು ಲಾರಿಗಳ ನಡುವಿನಿಂದ ನುಸುಳಿ ಹೆದ್ದಾರಿ ದಾಟಿತು. ಎಂದಿನಂತೆ ನಾನು ಕಣ್ಣು ಮುಚ್ಚಿ ರಾಮನಾಮ ಜಪಿಸಬೇಕಿತ್ತು. ದಾಟಿದ ಮೇಲೆ ನೋಡುತ್ತೇನೆ, ಕಣ್ಣು ತೆರೆದೇ ಇದೆ, ಪಕ್ಕದವರೊಂದಿಗೆ ಈರುಳ್ಳಿಯ ಧಾರಣೆ ಮಾತಾಡುತ್ತಿದ್ದೇನೆ. ಎದೆ ಧಸಕ್ಕೆಂದಿತು. ಹೀಗೆಯೇ ಮೆಲ್ಲಮೆಲ್ಲಗೆ ಧೈರ್ಯ ಬಂದುಬಿಟ್ಟರೆ ಸುಮಂಗಲೆಗೆ ಯಾವ ಮುಖ ತೋರಿಸಲಿ? ಕೈ ಬೆವರಿತು, ಕಾಲು ನಡುಗಿತು, ಆಟೋದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಾಗೆ ಚೆನ್ನಾಗಿ ಹೆದರಿಕೆಯಾದ ಮೇಲೆಯೇ ನನಗೆ ಸಮಾಧಾನವಾದದ್ದು.